ಮಂದ್ರ, ಹಾರ್ನ್ ಪೆಟ್ಟಿಗೆ ಮತ್ತು ಪಕ್ಕದ ಮನೆಯ ಗೋಡೆ

ಸ್ಪೀಕರಿನ ಕೋನಿಗೂ ಕೋಣೆಯ ಗಾಳಿಗೂ ನಡುವೆ, ಸಾಗುತ್ತ ಸಾಗುತ್ತ ಅಗಲವಾಗುವ ಸುರಂಗವೊಂದನ್ನು ಇಟ್ಟರೆ ಅದು ಹಾರ್ನ್ ಪೆಟ್ಟಿಗೆ. ಬರಿಯ ಕೋನ್ ತಳ್ಳಿದಾಗ ಗಾಳಿ ಬದಿಗೆ ಜಾರಿಕೊಳ್ಳುತ್ತದೆ. ಆಂಪ್ಲಿಫೈಯರ್ ಕೊಟ್ಟ ವಿದ್ಯುತ್ತಿನಲ್ಲಿ ಶೇ. 1–2ರಷ್ಟು ಮಾತ್ರ ಧ್ವನಿಯಾಗಿ, ಉಳಿದದ್ದು ಕಾಯಿಲಿನಲ್ಲಿ ಶಾಖವಾಗಿ ಹೋಗುತ್ತದೆ. ಸುರಂಗದೊಳಗಿನ ಗಾಳಿಗೆ ಜಾರಿಕೊಳ್ಳಲು ಜಾಗವಿಲ್ಲ. ಕೋನಿನ ಒತ್ತಡವನ್ನು ಅದು ಹೊತ್ತು ಬಾಯಿಯವರೆಗೆ ಒಯ್ಯಲೇಬೇಕು. ಹಾಗಾಗಿ ಒಳ್ಳೆಯ ಹಾರ್ನಿನಲ್ಲಿ ಧ್ವನಿಯಾಗುವ ಪಾಲು ಶೇ. 10ನ್ನು ಸುಲಭವಾಗಿ ದಾಟುತ್ತದೆ. ವಿದ್ಯುತ್ತು ಕಡಿಮೆ, ಶಬ್ದ ಹೆಚ್ಚು. ದೇವಸ್ಥಾನ, ಮಸೀದಿ, ಉತ್ಸವದ ಪೆಂಡಾಲುಗಳು ಹಾರ್ನನ್ನು ಅಪ್ಪಿಕೊಂಡದ್ದು ಈ ಕಾರಣಕ್ಕೆ. ಇದೇ ಕಾರಣಕ್ಕೆ ಅದು ಧರ್ಮದ ಪ್ರಶ್ನೆಯೂ ಆಗಿದೆ.

ಹಾರ್ನಿನ ದುರ್ಬಲ ಜಾಗ ಬೇಸ್. ಬಾಯಿಯ ಸುತ್ತಳತೆ ಧ್ವನಿಯ ತರಂಗದ ಉದ್ದಕ್ಕೆ ಹತ್ತಿರವಿದ್ದರೆ ಮಾತ್ರ ಆ ಧ್ವನಿ ಸಲೀಸಾಗಿ ಹೊರಬೀಳುತ್ತದೆ. ಬಾಯಿ ಚಿಕ್ಕದಾದರೆ ತರಂಗ ಅಲ್ಲಿಂದಲೇ ಹಿಂದಕ್ಕೆ ಮರಳುತ್ತದೆ. ಗಂಡು ದನಿಗೆ ಶ್ರುತಿ ಮಾಡಿದ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 69 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಆ ತರಂಗದ ಉದ್ದ 5 ಮೀಟರ್. ಅದಕ್ಕೆ ತಕ್ಕ ಹಾರ್ನಿನ ಬಾಯಿ ಬಯಲಿನಲ್ಲಿ 1.6 ಮೀಟರ್ ವ್ಯಾಸದ್ದಾಗಿರಬೇಕು. ಮುಂಬಯಿಯವರು ಭೋಂಗಾ ಎಂದು ಕರೆಯುವ, ಕಂಬದ ಮೇಲಿನ ಅಲ್ಯೂಮಿನಿಯಂ ಹಾರ್ನಿನ ಬಾಯಿ ಇದರ ಮೂರರಲ್ಲೊಂದು ಪಾಲಿನಷ್ಟೂ ಇಲ್ಲ. ಮಾತಿನ ಅಕ್ಷರಗಳನ್ನು ಅದು ದೂರಕ್ಕೆ ಮುಟ್ಟಿಸುತ್ತದೆ. ಮೃದಂಗದ ಎಡಮುಖದ ಗುಮಿಕಿಯನ್ನು ಬೀದಿಯ ಆಚೆ ಬದಿಗೂ ದಾಟಿಸಲಾರದು.

ಮುಂಬಯಿಯ ವಡಾಲದಂಥ ಜಾಗದಲ್ಲಿ ಈ ಲೆಕ್ಕಕ್ಕೆ ತೂಕ ಬರುತ್ತದೆ. ಪ್ರತಿ ಪಂಢರಪುರ ಎಂದು ಹೆಸರಾದ ವಿಠ್ಠಲ ಮಂದಿರಕ್ಕೆ ಆಷಾಢ ಏಕಾದಶಿಯಂದು ಜನ ಸಾಲುಗಟ್ಟುತ್ತಾರೆ. ರಾಮಮಂದಿರದ ಸುತ್ತ ಗೌಡ ಸಾರಸ್ವತರ ಗಣೇಶೋತ್ಸವ ನಡೆಯುತ್ತದೆ. ಉಡುಪಿ, ಮಂಗಳೂರು, ಉತ್ತರ ಕನ್ನಡದ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳಿವೆ, ಅವರ ಮಕ್ಕಳು ಕಲಿತ ಕನ್ನಡ ಶಾಲೆಯಿದೆ. ಜ್ಞಾನೇಶ್ವರರು ಅಭಂಗದಲ್ಲಿ ವಿಠ್ಠಲನನ್ನು ಕರ್ನಾಟಕದವನೆಂದು ಹಾಡಿದ್ದಾರೆ. ಹರಿದಾಸರ ಅಂಕಿತಗಳಲ್ಲಿ ಅವನೇ ಇದ್ದಾನೆ. ದಾಸರ ಪದ, ಅಭಂಗ ಎರಡನ್ನೂ ಕೇಳುವ ಮನೆಗಳು ಇಲ್ಲಿ ಸಹಜ. ಮನೆಗಳೋ ಚಿಕ್ಕವು, ಒಂದಕ್ಕೊಂದು ಆತುಕೊಂಡಂಥವು. ಇಂಥ ಮನೆಯಲ್ಲಿ ಮೃದಂಗದಂಥ ಪಖವಾಜಿನ ತುಂಬು ದನಿ ಬೇಕೆನಿಸಿದವರಿಗೆ ದಾರಿ ಎರಡು: ಹೆಚ್ಚು ವ್ಯಾಟಿನ ಆಂಪ್ಲಿಫೈಯರ್ ತರುವುದು, ಇಲ್ಲವೇ ಇರುವ ಪೆಟ್ಟಿಗೆಯನ್ನು ತಿದ್ದುವುದು.

ಪೆಟ್ಟಿಗೆ ತಿದ್ದುವ ಕೆಲಸ ಸೋರಿಕೆಯಿಂದ ಆರಂಭವಾಗುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ ಮುಂಬಯಿಯ ಮಳೆಗಾಲಗಳಲ್ಲಿ ತೇವ ಹೀರಿ ಉಬ್ಬುತ್ತದೆ, ಕೂಡುಗಳು ಬಿಡುತ್ತವೆ. ತಂಬೂರಿಯ ಧ್ವನಿಮುದ್ರಣವನ್ನು ಹಚ್ಚಿ, ಹೊತ್ತಿಸಿದ ಊದುಬತ್ತಿಯನ್ನು ಕೂಡುಗಳ ಗುಂಟ ನಿಧಾನವಾಗಿ ಒಯ್ದರೆ, ಗಾಳಿ ಸೋರುವಲ್ಲಿ ಹೊಗೆಯ ಎಳೆ ನಡುಗಿ ಒಡೆಯುತ್ತದೆ. ಅಲ್ಲಿ ಗೋಂದು, ಸಿಲಿಕೋನ್ ತುಂಬಬೇಕು. ಹಲಗೆ ಕೆಟ್ಟಿದ್ದರೆ 18 ಮಿಲಿಮೀಟರಿನ ಪ್ಲೈವುಡ್ ಹಾಕಿ, ಎದುರುಬದುರು ಮುಖಗಳ ನಡುವೆ ಅಡ್ಡಪಟ್ಟಿ ಕೊಡಬೇಕು. ಹಲಗೆ ತಾನೇ ಅದುರಿದರೆ ಅದು ಇನ್ನೊಂದು ವಾದ್ಯವಾಗಿ, ಹಾಡಿನಲ್ಲಿಲ್ಲದ ಗುಂಯ್‌ಗುಟ್ಟುವಿಕೆಯನ್ನು ಸೇರಿಸುತ್ತದೆ. ಕೋನಿನ ಹಿಂದಿನ ಮುಚ್ಚಿದ ಕೋಣೆಗೆ ಒಂದಿಷ್ಟು ಹತ್ತಿ ಅಥವಾ ಉಣ್ಣೆಯ ಹಾಸು ಒಳ್ಳೆಯದು. ಸುರಂಗದ ದಾರಿಗೆ ಅದನ್ನು ತುಂಬಿದರೆ ಹಾರ್ನಿನ ಪ್ರಯೋಜನವೇ ಹೋಗುತ್ತದೆ. ಆ ಕೋಣೆ ದೊಡ್ಡದಾದಷ್ಟೂ ಬೇಸ್ ಹೆಚ್ಚುತ್ತದೆ ಎಂಬ ನಂಬಿಕೆಯೂ ಹಾರ್ನಿಗೆ ಒಪ್ಪುವುದಿಲ್ಲ. ತಕ್ಕ ಅಳತೆಯ ಹಿಂಗೋಣೆಯ ಗಾಳಿ ಸ್ಪ್ರಿಂಗಿನಂತೆ ಬಿಗಿಯಾಗಿ ನಿಂತು, ಕೆಳ ಸ್ವರಗಳಲ್ಲಿ ಗಂಟಲಿನ, ಅಂದರೆ ಕೋನಿನ ಬಳಿ ಸುರಂಗ ಶುರುವಾಗುವ ಕಿರಿದಾದ ತುದಿಯ, ಗಾಳಿಯ ಭಾರವನ್ನು ಸರಿದೂಗಿಸುತ್ತದೆ.

ಪ್ರತಿ ಹಾರ್ನಿಗೂ ಒಂದು ಕೆಳಮಿತಿ ಇದೆ. ಆ ಮಿತಿಯ ಕೆಳಗೆ ಸುರಂಗ ಕೋನಿಗೆ ಯಾವ ಆಸರೆಯನ್ನೂ ಕೊಡುವುದಿಲ್ಲ. ಅಲ್ಲಿ ಬೇಸ್ ಗುಂಡಿಯನ್ನು ತಿರುಗಿಸಿದರೆ ಕೋನ್ ಗುರಿಯಿಲ್ಲದೆ ಬಡಿದುಕೊಳ್ಳುತ್ತದೆ, ದನಿ ಒಡೆಯುತ್ತದೆ, ಕಡೆಗೆ ಕಾಯಿಲ್ ಸುಡುತ್ತದೆ.

ಇನ್ನು ದೊಡ್ಡ ಉಪಾಯ ಕೋಣೆಯ ಮೂಲೆ. ನೆಲ ಮತ್ತು ಎರಡು ಗೋಡೆ ಸೇರುವಲ್ಲಿ ಪೆಟ್ಟಿಗೆಯಿಟ್ಟರೆ ಧ್ವನಿ ಹರಡಬೇಕಾದ ಅವಕಾಶ ಬಯಲಿನ ಎಂಟರಲ್ಲೊಂದು ಪಾಲಾಗುತ್ತದೆ. ಬಾಯಿಯ ವಿಸ್ತೀರ್ಣವೂ ಎಂಟರಲ್ಲೊಂದು ಸಾಕು. ಮಂದ್ರ ಷಡ್ಜಕ್ಕೆ ಬೇಕಾದ ಸುಮಾರು 2 ಚದರ ಮೀಟರ್ ಬಾಯಿ ಆಗ 50 ಸೆಂಟಿಮೀಟರ್ ಚೌಕಕ್ಕೆ ಇಳಿಯುತ್ತದೆ. 200 ಚದರ ಸೆಂಟಿಮೀಟರ್ ಗಂಟಲಿನಿಂದ ಅಲ್ಲಿಗೆ ತಲುಪುವ ಸುರಂಗ ಒಂದು ಮೀಟರಿನಷ್ಟು, ಮಡಿಸಿದರೆ ಪೆಟ್ಟಿಗೆಯೊಳಗೆ ಹಿಡಿಯುತ್ತದೆ. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಇದೇ ತತ್ತ್ವದ ಮೇಲೆ ಮೂಲೆಯ ಹಾರ್ನನ್ನು ರೂಪಿಸಿ, 1946ರಲ್ಲಿ ಅದಕ್ಕಾಗಿ ಕಂಪನಿಯನ್ನೇ ತೆರೆದರು. ಆ ವಿನ್ಯಾಸದಲ್ಲಿ ಮನೆಯ ಗೋಡೆಗಳೇ ಸುರಂಗದ ಕೊನೆಯ ಭಾಗ.

ಬಿಡಿಮನೆಯಲ್ಲಿ ಇದು ಜಾಣ್ಮೆ. ಚಾಳಿನಲ್ಲಿ, ಒಂದೇ ಗೋಡೆಯ ಎರಡು ಬದಿಗೂ ಎರಡು ಸಂಸಾರಗಳಿರುವ ಕಟ್ಟಡದಲ್ಲಿ, ಮೂಲೆಯ ಹಾರ್ನ್ ಪಕ್ಕದ ಮನೆಯವರ ಗೋಡೆಯನ್ನು ತನ್ನ ಅಂಗವಾಗಿ ಬಳಸಿಕೊಳ್ಳುತ್ತದೆ. ಗೋಡೆಗಳು ತಾರ ಸ್ವರಗಳನ್ನು ಚೆನ್ನಾಗಿ ತಡೆಯುತ್ತವೆ, ಮಂದ್ರವನ್ನು ತಡೆಯಲಾರವು. ಸ್ಥೂಲ ಲೆಕ್ಕದಲ್ಲಿ ಸ್ವರ ಒಂದು ಸಪ್ತಕ ಕೆಳಗಿಳಿದರೆ ಗೋಡೆಯ ತಡೆ 6 ಡೆಸಿಬೆಲ್ ಇಳಿಯುತ್ತದೆ. ನಾಲ್ಕು ಸಪ್ತಕಕ್ಕೆ 24. ಅಂದರೆ ಆಚೆ ಮನೆಗೆ ಪದದ ಸಾಹಿತ್ಯ ಹೋಗುವುದಿಲ್ಲ, ರಾಗ ಹೋಗುವುದಿಲ್ಲ, ಅರ್ಥವಿಲ್ಲದ ಧಂಧಂ ಮಾತ್ರ ಹೋಗುತ್ತದೆ. ಈಚೆ ಭಜನೆಯಾದದ್ದು ಆಚೆ ಬರಿಯ ಬಡಿತ. ಪೂಜೆ ಎಲ್ಲಿಯವರೆಗೆ ಪೂಜೆ ಎಂಬ ಪ್ರಶ್ನೆ ಹುಟ್ಟುವುದು ಈ ಗೋಡೆಯಲ್ಲಿ.

ಶಬ್ದದ ಸ್ವರೂಪ ಭಾರತೀಯ ದರ್ಶನಗಳ ಹಳೆಯ ಜಗಳ. ನ್ಯಾಯ-ವೈಶೇಷಿಕರಿಗೆ ಶಬ್ದ ಆಕಾಶದ ಗುಣ. ಅದು ಹುಟ್ಟುತ್ತದೆ, ಅಳಿಯುತ್ತದೆ. ಕೊಳದ ಅಲೆಯಿಂದ ಅಲೆ ಏಳುವ ಹಾಗೆ ಒಂದು ಶಬ್ದ ಇನ್ನೊಂದನ್ನು ಹುಟ್ಟಿಸುತ್ತ ಕಿವಿಯನ್ನು ತಲುಪುತ್ತದೆ ಎಂದು ಕೆಲವರು, ಕದಂಬದ ಮೊಗ್ಗಿನಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಚಿಮ್ಮುತ್ತದೆ ಎಂದು ಕೆಲವರು. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ವೇದದ ಶಬ್ದ ನಿತ್ಯವಾಗಿರಬೇಕಾದರೆ ಉಚ್ಚಾರಣೆ ಅದನ್ನು ಹುಟ್ಟಿಸಲಾಗದು. ಗಾಳಿಯ ಚಲನೆ ಇದ್ದದ್ದನ್ನೇ ಪ್ರಕಟಿಸುತ್ತದೆ, ಅಷ್ಟೆ. ಆಗ ಎದುರಾಳಿಯ ಆಕ್ಷೇಪ ಬರುತ್ತದೆ: ಹಲವರು ಒಟ್ಟಿಗೆ ಉಚ್ಚರಿಸಿದರೆ ಶಬ್ದ ದೊಡ್ಡದಾಗುತ್ತದೆ, ಬೆಳೆಯುವಂಥದ್ದು ನಿತ್ಯ ಹೇಗಾದೀತು? ಜೈಮಿನಿ ಸೂತ್ರಗಳ ಮೊದಲ ಅಧ್ಯಾಯದ ಮೊದಲ ಪಾದದಲ್ಲಿಯೇ ಇದಕ್ಕೆ ಉತ್ತರವಿದೆ: ಬೆಳೆದದ್ದು ನಾದ, ಶಬ್ದ ಇದ್ದಷ್ಟೇ ಇದೆ.

ಧ್ವನಿವರ್ಧಕದ ಕಾಲಕ್ಕೆ ಇಷ್ಟು ನೇರವಾಗಿ ಅನ್ವಯಿಸುವ ಮಾತು ಹಳೆಯ ಶಾಸ್ತ್ರಗಳಲ್ಲಿ ಅಪರೂಪ. ಮೀಮಾಂಸಕರ ಗುರಿ ವೇದದ ನಿತ್ಯತೆಯನ್ನು ಕಾಯುವುದಾಗಿತ್ತು, ಆ ಗುರಿಯನ್ನು ಎಲ್ಲರೂ ಒಪ್ಪಬೇಕಿಲ್ಲ. ಅವರ ವಿಂಗಡಣೆಯನ್ನು ಮಾತ್ರ ಯಾರು ಬೇಕಾದರೂ ಬಳಸಬಹುದು. ವಿಠ್ಠಲನ ಹೆಸರನ್ನು ಪಿಸುಗುಟ್ಟಿದರೂ, ನಾಲ್ಕು ಹಾರ್ನಿನಲ್ಲಿ ಹಾಕಿದರೂ ಹೆಸರು ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಗಾಳಿಯ ಅಲುಗಾಟ. ಜಪದ ವಿಷಯದಲ್ಲಿ ಮನುಸ್ಮೃತಿಯ ಎರಡನೆಯ ಅಧ್ಯಾಯ ಹಾಕಿಕೊಟ್ಟ ಶ್ರೇಣಿಯೂ ಇದೇ ದಿಕ್ಕಿನದು: ಪಕ್ಕದವರಿಗೂ ಕೇಳಿಸದ ಉಪಾಂಶು ಜಪ ಗಟ್ಟಿ ದನಿಯ ಜಪಕ್ಕಿಂತ ಮೇಲು, ಮಾನಸ ಜಪ ಅದಕ್ಕಿಂತಲೂ ಮೇಲು. ಬಸವಣ್ಣನವರು ಇನ್ನೂ ಮುಂದೆ ಹೋದರು. ಶಿವನನ್ನು ನಾದಪ್ರಿಯನೆಂದು ಕರೆಯುವುದನ್ನೇ ಒಂದು ವಚನದಲ್ಲಿ ಅಲ್ಲಗಳೆದು, ನಾದದಿಂದ ಒಲಿಸಲು ಹೋದ ರಾವಣನ ಗತಿಯನ್ನು ನೆನಪಿಸಿ, ಶಿವನಿಗೆ ಪ್ರಿಯವಾದದ್ದು ಭಕ್ತಿ ಎಂದರು.

ಹಾಗಾದರೆ ಒಳ್ಳೆಯ ಬೇಸ್ ಬಯಸುವುದೇ ತಪ್ಪೇ? ಈ ತೀರ್ಮಾನ ಅವಸರದ್ದು. 13ನೆಯ ಶತಮಾನದಲ್ಲಿ ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ನಾದಕ್ಕೆ ದೇಹದೊಳಗೆ ಮೂರು ಸ್ಥಾನ ಹೇಳುತ್ತಾನೆ: ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು. ಎದೆಯಲ್ಲಿ ನೆಲೆಯಿರುವ ಸ್ವರವನ್ನು ಬಿಟ್ಟು ಭಜನೆ ಕೇಳಿದರೆ ಕೇಳುವವರಿಗೆ ಏನೋ ಬರಿದಾದಂತೆ ಅನಿಸುವುದು ಸಹಜ. ಆ ಕೊರತೆ ನಿಜ, ಅದನ್ನು ತುಂಬಿಕೊಳ್ಳುವ ಆಸೆ ನ್ಯಾಯವಾದದ್ದು.

ಕಿವಿಯ ಸ್ವಭಾವವೂ ಇಲ್ಲಿ ಎರಡು ವಿಷಯ ಹೇಳುತ್ತದೆ. ಮೊದಲನೆಯದು: 69 ಹರ್ಟ್ಜ್ ಅನ್ನು ಹೊರಡಿಸಲಾರದ ಪುಟ್ಟ ಸ್ಪೀಕರಿನಲ್ಲೂ ತಂಬೂರಿಯ ಮಂದ್ರ ಷಡ್ಜ ಮಂದ್ರವಾಗಿಯೇ ಕೇಳಿಸುತ್ತದೆ. 138, 207, 276 ಹರ್ಟ್ಜ್‌ನ ಉಪಸ್ವರಗಳನ್ನು ಕೇಳಿದ ಮನಸ್ಸು ಅವುಗಳ ಮೂಲವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಗಾಳಿಯಲ್ಲಿಲ್ಲದ ಸ್ವರ ಅನುಭವದಲ್ಲಿದೆ. ಶಬ್ದವೆಲ್ಲ ಗಾಳಿಯಲ್ಲಿ ಹುಟ್ಟಿದ್ದು ಎನ್ನುವವರಿಗೆ ಇದು ಉತ್ತರಿಸಲು ಕಷ್ಟದ ಪ್ರಶ್ನೆ. ಮೀಮಾಂಸಕರ ಪಕ್ಷವನ್ನು ಇದು ಸಾಧಿಸುವುದಿಲ್ಲವಾದರೂ, ಕೇಳುವವರ ಪಾಲು ಎಷ್ಟು ದೊಡ್ಡದೆಂದು ತೋರಿಸುತ್ತದೆ. ಎರಡನೆಯದು, 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದು: ದನಿ ತಗ್ಗಿದಂತೆ ಕಿವಿ ಬೇಸನ್ನು ಬೇಗ ಕಳೆದುಕೊಳ್ಳುತ್ತದೆ. ಮೆಲುದನಿಯಲ್ಲಿ 63 ಹರ್ಟ್ಜ್‌ನ ಸ್ವರ ನಡುವಿನ ಸ್ವರದಷ್ಟೇ ಕೇಳಬೇಕಾದರೆ 30 ಡೆಸಿಬೆಲ್‌ಗೂ ಹೆಚ್ಚು ಬಲ ಬೇಕು. ಪಖವಾಜು ಕೇಳದವರು ಗುಂಡಿಯನ್ನು ಬಲಕ್ಕೆ ತಿರುಗಿಸುತ್ತಲೇ ಹೋಗುವುದು ಇದರಿಂದ. ಎಲ್ಲ ಸ್ವರಗಳೂ ಏರಿದ ಮೇಲೆ ಬೇಸ್ ಬರುತ್ತದೆ, ಅಷ್ಟರಲ್ಲಿ ಇಡೀ ಮಹಡಿ ಎದ್ದು ಕೂತಿರುತ್ತದೆ. ಪೆಟ್ಟಿಗೆ ತಿದ್ದುವುದಕ್ಕೆ ನೈತಿಕ ಸಮರ್ಥನೆ ಇರುವುದು ಇಲ್ಲಿ: ಸರಿಯಾದ ಹಾರ್ನ್ ಮಂದ್ರವನ್ನು ಮೆಲುದನಿಯಲ್ಲೇ ಕೊಡಬಲ್ಲದು, ಹಾಡು ತಗ್ಗಿದ್ದರೂ ತುಂಬಿರುತ್ತದೆ. ತಿದ್ದಿದ ಪೆಟ್ಟಿಗೆಯನ್ನು ಮೊದಲಿನ ಮಟ್ಟದಲ್ಲೇ ನುಡಿಸಿದರೆ ಈ ಸಮರ್ಥನೆ ಉಳಿಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ, ಆದರೆ ಅದರ ಕಿವಿಗೂ ಒಂದು ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಅನ್ಯರ ನೆಮ್ಮದಿ ಕೆಡಿಸಿ ಪ್ರಾರ್ಥನೆ ಮಾಡಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ ಹೇಳಿತು. ವಡಾಲಕ್ಕೆ ಹತ್ತಿರದ ಕುರ್ಲಾದ ನೆಹರು ನಗರ, ಚುನಾಭಟ್ಟಿಯ ನಿವಾಸಿಗಳು ತಂದ ಅರ್ಜಿಯಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ, ಧ್ವನಿವರ್ಧಕ ಯಾವ ಧರ್ಮದ ಅವಿಭಾಜ್ಯ ಅಂಗವೂ ಅಲ್ಲವೆಂದಿತು. ಮೀಮಾಂಸೆ ಶಬ್ದ-ನಾದಗಳ ನಡುವೆ ಎಳೆದ ಗೆರೆಯನ್ನು ನ್ಯಾಯಾಲಯ ಬೇರೆ ದಾರಿಯಿಂದ ಬಂದು ಮುಟ್ಟಿದೆ ಎನ್ನಬಹುದು.

ಆದರೆ ನಿಯಮದ ಅಳತೆ ‘ಎ’ ಮಾನದ್ದು. ಕಿವಿಯ ಮೆಲುದನಿಯ ಸ್ವಭಾವವನ್ನು ಅನುಸರಿಸುವ ಈ ಮಾನ 63 ಹರ್ಟ್ಜ್‌ನಲ್ಲಿ 26 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. 80 ಡೆಸಿಬೆಲ್ ಬಲದ ಬೇಸ್ ಮಾಪಕದಲ್ಲಿ 54 ಎಂದು ಕಾಣುತ್ತದೆ. ಹಗಲಿನ ಮಿತಿಯೊಳಗೆ ಬಂತು. ಪಕ್ಕದ ಮನೆಯ ಕಿಟಕಿಯ ಗಾಜು ಗಿಲಿಗಿಲಿಗುಟ್ಟಿದರೂ ನಿಯಮ ಮುರಿದಿಲ್ಲ. ಹೀಗಾಗಿ ಬೇಸ್ ಬಯಸುವವರ ಧರ್ಮವನ್ನು ಕಾನೂನಿಗೆ ಒಪ್ಪಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಅಹಿಂಸೆಯನ್ನು ಕಾಯಾ ವಾಚಾ ಮನಸಾ ಎಂದು ಹೇಳಿದ ಪರಂಪರೆಗೆ ಈ 26 ಡೆಸಿಬೆಲ್‌ಗಳ ಅಂತರ ಸಣ್ಣದಲ್ಲ. ಯಾರೂ ಅಳೆಯದ ಆ ಜಾಗದಲ್ಲಿ ನೆರೆಯವರ ನಿದ್ದೆ, ಪರೀಕ್ಷೆಗೆ ಓದುವ ಮಗು, ಹಾಸಿಗೆ ಹಿಡಿದ ವೃದ್ಧರು ಇದ್ದಾರೆ.

ಆ ಅಂತರವನ್ನು ಮನೆಯಲ್ಲೇ ಅಳೆದುಕೊಳ್ಳಬಹುದು. ಮಾಪಕವನ್ನು ‘ಸಿ’ ಮಾನಕ್ಕೆ ಬದಲಿಸಿದರೆ 63 ಹರ್ಟ್ಜ್‌ನಲ್ಲಿ ಒಂದು ಡೆಸಿಬೆಲ್ ಕೂಡ ಕಳೆಯುವುದಿಲ್ಲ. ಎರಡು ಮಾನಗಳ ನಡುವೆ ವ್ಯತ್ಯಾಸ ದೊಡ್ಡದಿದ್ದಷ್ಟೂ ಗೋಡೆ ದಾಟುವ ಪಾಲು ದೊಡ್ಡದು. ಪಕ್ಕದ ಮನೆಯವರನ್ನು ಕೇಳಿ, ಅವರ ಕೋಣೆಯಲ್ಲೇ ನಿಂತು ಮಟ್ಟ ಗೊತ್ತುಮಾಡುವುದು ಇನ್ನೂ ಒಳ್ಳೆಯದು. ಹಾರ್ನಿನ ಮಿತಿಗಿಂತ ಕೆಳಗಿನ ಸ್ವರಗಳನ್ನು ಫಿಲ್ಟರ್ ಹಾಕಿ ತಡೆದರೆ ಕೋನೂ ಉಳಿಯುತ್ತದೆ, ಗೋಡೆಗೆ ಹೋಗುವ ಬಡಿತವೂ ತಗ್ಗುತ್ತದೆ. ಪೆಟ್ಟಿಗೆಯ ಅಡಿಗೆ ದಪ್ಪ ರಬ್ಬರ್ ಕೊಟ್ಟರೆ ನೆಲದ ಮೂಲಕ ಕೆಳಮನೆಗೆ ಇಳಿಯುವ ಅದುರು ಕಡಿಮೆಯಾಗುತ್ತದೆ. ಕೊನೆಗೆ ಉಳಿಯುವುದು ಮೂಲೆಯ ಪ್ರಶ್ನೆ. ಕಟ್ಟಡದ ತುದಿಯ ಮನೆಗಳಿಗೆ ಎರಡೂ ಹೊರಗೋಡೆಗಳಿರುವ ಮೂಲೆ ಸಿಗುತ್ತದೆ. ನಡುವಿನ ಮನೆಗಳಿಗೆ ಅದು ಇಲ್ಲ. ಹಂಚಿಕೊಂಡ ಗೋಡೆಯನ್ನು ಬಿಟ್ಟು, ಬೀದಿಯ ಕಡೆಯ ಹೊರಗೋಡೆಯ ನಡುವೆ ಪೆಟ್ಟಿಗೆಯನ್ನು ಇಡಬೇಕಾಗುತ್ತದೆ. ಆಗ ಬಾಯಿ 50 ಸೆಂಟಿಮೀಟರ್ ಚೌಕದಿಂದ 70ಕ್ಕೆ, ಸುರಂಗ ಒಂದು ಮೀಟರಿನಿಂದ ಒಂದೂಕಾಲಕ್ಕೆ ಬೆಳೆಯುತ್ತದೆ. ನೆರೆಯವರ ಗೋಡೆಯನ್ನು ಬಳಸದೆ ಮಂದ್ರ ಷಡ್ಜ ಕೇಳಲು ಮನೆಯವರು ತೆರಬೇಕಾದ ಬೆಲೆ ಅಷ್ಟು ಪ್ಲೈವುಡ್ ಮತ್ತು ಅಷ್ಟು ಜಾಗ.