ಮರ್ಯಾದಸ್ತ ಪ್ರಕಾಶಕ ಅಂದ್ರೆ ಯಾರು?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕೇರಿಗಳಲ್ಲಿ ಈಗ ಕತೆ ಬರೆಯುವ ಹುಡುಗ ಹುಡುಗಿಯರಿದ್ದಾರೆ. ಡಿಗ್ರಿ ಮುಗಿಸಿದವರು, ಮುಗಿಸಲಾಗದೆ ಗಾರ್ಮೆಂಟ್ಸಿಗೆ ಹೋದವರು, ಗೂಡ್ಸ್ ಆಟೋ ಓಡಿಸುವವರು. ಇವರಿಗೆ ಮೇಜಿಲ್ಲ, ಕುರ್ಚಿಯಿಲ್ಲ. ಮೊಬೈಲಿನ ಮೇಲೆ ಹೆಬ್ಬೆರಳಿನಿಂದ ಕತೆ ಕುಟ್ಟುತ್ತಾರೆ. ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಹೆಬ್ಬೆರಳಿನಿಂದಲೇ ಸಾಹಿತ್ಯ ಬರೆಯುವ ಕಾಲ ಬಂತಲ್ಲ ಅಂತ ನಾವು ಖುಷಿಪಡಬೇಕು. ಆದರೆ ಕತೆ ಮುಗಿದ ಮೇಲೆ 'ಎಲ್ಲ ಷರತ್ತಿಗೂ ಒಪ್ಪಿದೆ' ಅನ್ನುವ ಗುಂಡಿ ಒತ್ತುವುದೂ ಅದೇ ಹೆಬ್ಬೆರಳು. ಅಲ್ಲಿಗೆ ಬಂದಾಗ ನಮ್ಮ ಖುಷಿ ನಿಲ್ಲುತ್ತದೆ.

ಓದದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಏನಾಯ್ತು ಅನ್ನೋದು ನಮಗೆ ಗೊತ್ತಿಲ್ಲದ ವಿಷಯವಲ್ಲ. ಸರ್ಕಾರ ಮಂಜೂರು ಮಾಡಿದ ತುಂಡು ನೆಲ ಸಾಲಕ್ಕೆ, ಹಸಿವಿಗೆ, ಹೆದರಿಕೆಗೆ ಕೈಬಿಟ್ಟು ಹೋಯಿತು. ಇದು ಎಷ್ಟು ವ್ಯಾಪಕವಾಗಿತ್ತೆಂದರೆ 1978ರಲ್ಲಿ ಕರ್ನಾಟಕ ಪಿಟಿಸಿಎಲ್ ಕಾಯ್ದೆಯನ್ನೇ ತರಬೇಕಾಯಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಹೀಗೆ ಕೊಂಡದ್ದು ಊರ್ಜಿತವಲ್ಲ, ವಾಪಸು ಕೊಡಬೇಕು ಎಂದಿತು ಆ ಕಾಯ್ದೆ. ಅರ್ಜಿಗೆ ಕಾಲಮಿತಿ ಇಲ್ಲವೆಂದು ಅದಕ್ಕೆ 2023ರಲ್ಲಿ ಮತ್ತೆ ತಿದ್ದುಪಡಿಯಾಯಿತು. ಅಂದರೆ ಬರೀ ಸಹಿಯೊಂದೇ ನ್ಯಾಯವಲ್ಲ, ಸಹಿ ಹಾಕಿದವನ ಸ್ಥಿತಿಯನ್ನೂ ನೋಡಬೇಕು ಅಂತ ಕಾನೂನೇ ಒಪ್ಪಿಕೊಂಡಿತು. ಆದರೆ ಕತೆಗೆ ಪಿಟಿಸಿಎಲ್ ಇಲ್ಲ ಕಣ್ರಪ್ಪಾ. ಕೊಡುವ ಮುಂಚೆಯೇ ಯೋಚನೆ ಮಾಡಬೇಕು.

ಹಾಗಾದರೆ ಯಾರಿಗೆ ಕೊಡಬೇಕು? 'ಒಳ್ಳೆ ಮರ್ಯಾದಸ್ತ ಪ್ರಕಾಶಕರಿಗೆ ಕೊಡಿ' ಎನ್ನುತ್ತಾರೆ ತಿಳಿದವರು. ಈ ಮಾತು ಕೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗುತ್ತದೆ. ನಮ್ಮೂರುಗಳಲ್ಲಿ ಮರ್ಯಾದಸ್ತರು ಅಂದ್ರೆ ಯಾರು? ಜಗಲಿ ಇದ್ದವರು. ಆ ಜಗಲಿಯ ಕೆಳಗೆ ನಿಂತು ಕೈ ಕಟ್ಟಿಕೊಂಡವರು ನಾವು. ಮರ್ಯಾದೆ ಅನ್ನುವ ಮಾತನ್ನು ಈ ವ್ಯವಸ್ಥೆ ಹುಟ್ಟಿಗೆ ಕಟ್ಟಿದೆ, ಮನೆಯ ಎತ್ತರಕ್ಕೆ ಕಟ್ಟಿದೆ. ಅದೇ ಅಳತೆಗೋಲು ಹಿಡಿದುಕೊಂಡು ಪ್ರಕಾಶಕನನ್ನು ಅಳೆಯಲು ಹೊರಟರೆ ದೊಡ್ಡ ಹೆಸರು, ದೊಡ್ಡ ಆಪು, ದೊಡ್ಡ ಸಮಾರಂಭ ಇದ್ದವನೇ ಮರ್ಯಾದಸ್ತನಾಗಿ ಕಾಣುತ್ತಾನೆ.

1936ರ ಒಂದು ಸಂಗತಿ ನೋಡೋಣ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆದರು. ಹೆಸರೇ ಜಾತಿ ಮುರಿಯುವ ಮಂಡಲ! ಬರೆದ ಭಾಷಣ ಕೈಗೆ ಸಿಕ್ಕಿದ ಮೇಲೆ ಕೆಲವು ಭಾಗ ತೆಗೆಯಿರಿ ಎಂದರು. ಬಾಬಾಸಾಹೇಬರು ತೆಗೆಯಲಿಲ್ಲ. ಸಮ್ಮೇಳನವೇ ನಿಂತಿತು. ಆಗ ಅವರು ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಮಂಡಲದವರು ಕೆಟ್ಟವರೇನಲ್ಲ, ಸುಧಾರಣೆ ಬಯಸಿದವರೇ. ಆದರೂ ವೇದಿಕೆ ಕೊಡುವವನು ತನ್ನ ವೇದಿಕೆಗೆ ತಕ್ಕಂತೆ ಮಾತು ಕತ್ತರಿಸಲು ನೋಡುತ್ತಾನೆ. ಕತ್ತರಿಸಲು ಬಿಡದೆ ಇರುವ ಹಕ್ಕು ಬರೆದವನ ಕೈಯಲ್ಲಿ ಉಳಿದಿತ್ತು, ಅದಕ್ಕೇ ಪುಸ್ತಕ ಉಳಿಯಿತು.

ಈಗಿನ ಎಲೆಕ್ಟ್ರಾನಿಕ್ ವೇದಿಕೆಗಳಿಗೆ ಬರೋಣ. 2014ರಲ್ಲಿ ಶುರುವಾದ ಪ್ರತಿಲಿಪಿಯಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಕತೆ ಹಾಕಬಹುದು. 2020ರಲ್ಲಿ ಬಂದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕ ಮಾರುತ್ತದೆ. 2016ರಲ್ಲಿ ಅಮೆಜಾನಿನ ಕಿಂಡಲ್ ಐದು ಭಾರತೀಯ ಭಾಷೆಗಳಲ್ಲಿ ಪುಸ್ತಕ ಮಾರಲು ಹೊರಟಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಕನ್ನಡಕ್ಕೇ ಕೊನೆಯ ಪಂಕ್ತಿಯಾದರೆ ಕನ್ನಡದೊಳಗಿನ ಕೇರಿಗೆ ಯಾವ ಪಂಕ್ತಿ? ಆದ್ದರಿಂದ ಬಾಗಿಲು ತೆರೆದವರನ್ನು ನಾವು ಹೀಗಳೆಯುವುದಿಲ್ಲ. ಅಚ್ಚಿನ ಮನೆಯ ಯಜಮಾನನ ಮುಖ ನೋಡದೆಯೇ ನಮ್ಮ ಅಕ್ಕತಂಗಿಯರ ಕತೆ ನಾಲ್ಕು ಜನಕ್ಕೆ ಮುಟ್ಟುತ್ತಿರುವುದು ಸಣ್ಣ ಮಾತಲ್ಲ.

ಆದರೂ ತಂತಿ ಯಾರದು ಅಂತ ಕೇಳಲೇಬೇಕು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನೀರು ನಮ್ಮದು, ಕಲ್ಲು ಹೊತ್ತ ಬೆನ್ನು ನಮ್ಮದು, ನಮ್ಮ ಕೇರಿಯಲ್ಲಿ ಮಾತ್ರ ಎಷ್ಟೋ ಕಾಲ ಸೀಮೆಎಣ್ಣೆ ಬುಡ್ಡಿ. ಕತೆಯೂ ಹೀಗೇ ಹರಿದುಹೋದರೆ?

'ಅಯ್ಯೋ, ಕತೆಗೆಲ್ಲ ಲೆಕ್ಕ ಕೇಳ್ತೀರಾ? ಬೆಂಕಿ ಅಂದ ಮೇಲೆ ಹಂಚಬೇಕು, ಮಾರಬಾರದು' ಎನ್ನುವ ಗೆಳೆಯರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಬಂಡಾಯದ ಹಾಡುಗಳು ರಾಯಲ್ಟಿ ಕೇಳಿ ಊರೂರು ತಿರುಗಲಿಲ್ಲ. ಆದರೆ ಹಂಚುವುದಕ್ಕೂ ಬಿಟ್ಟಿ ಚಾಕರಿಗೂ ವ್ಯತ್ಯಾಸ ಇದೆ. ನಮ್ಮ ಹಿರೀಕರು ಸಾವಿಗೆ ತಮಟೆ ಬಡಿದರು, ಸತ್ತ ದನ ಹೊತ್ತರು, ಸುಗ್ಗಿಯಲ್ಲಿ ಕಣ ಕಾದರು. ಅದನ್ನು ಯಾರೂ ಶೋಷಣೆ ಅನ್ನಲಿಲ್ಲ, 'ನಿಮ್ಮ ಹಕ್ಕು ಕಣ್ರೋ' ಅಂದರು! ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಕೊಟ್ಟದ್ದು ದಾನವಲ್ಲ. 2022ರಲ್ಲಿ ದೇವನೂರ ಮಹಾದೇವ ಅವರು 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಎಂಬ ಪುಟ್ಟ ಪುಸ್ತಕವನ್ನು ಒಬ್ಬ ಪ್ರಕಾಶಕನಿಗೆ ಕಟ್ಟಿಹಾಕಲಿಲ್ಲ. ಹಲವು ಸಣ್ಣ ಪ್ರಕಾಶನಗಳು ಒಟ್ಟಿಗೇ ಅಚ್ಚು ಹಾಕಲು ಬಿಟ್ಟುಕೊಟ್ಟರು. ಅದು ಹಂಚಿಕೆ. ಹಕ್ಕು ತನ್ನಲ್ಲಿ ಇದ್ದುದರಿಂದಲೇ ಅವರು ಹಾಗೆ ಹಂಚಲು ಸಾಧ್ಯವಾಯಿತು. ಷರತ್ತು ಓದದೆ ಹಕ್ಕು ಕಳಕೊಂಡವನು ನಾಳೆ ತನ್ನ ಕತೆಯನ್ನು ಊರ ಗೋಡೆಪತ್ರಿಕೆಗೂ ಕೊಡಲಾರ.

ಇನ್ನೂ ಒಂದು ಮಾತು. ಕತೆ ಪೂರಾ ನಮ್ಮದೇ ಏನು? ಅದರೊಳಗೆ ಅವ್ವನ ಬಸುರಿದೆ, ಚಿಕ್ಕಪ್ಪನ ಜೀತವಿದೆ, ಬೊಪ್ಪೇಗೌಡನಪುರದ ಜಾತ್ರೆಯಲ್ಲಿ ನೀಲಗಾರರು ಹಾಡಿದ ಮಂಟೇಸ್ವಾಮಿಯ ದನಿಯಿದೆ. ನೀಲಗಾರನ ಹಾಡು ಪುಸ್ತಕವಾದಾಗ ಹಾಡಿದವನ ಹೆಸರು ಒಳಪುಟಕ್ಕೆ, ಬರಕೊಂಡವನ ಹೆಸರು ಮುಖಪುಟಕ್ಕೆ ಹೋದದ್ದನ್ನು ನಾವು ಕಂಡಿದ್ದೇವೆ. ಇಡೀ ಕೇರಿ ನಂಬಿ ನಮ್ಮ ಕೈಗೆ ಕೊಟ್ಟದ್ದನ್ನು ಹೆಸರಿನ ಆಸೆಗೆ ಎಲ್ಲಿಯೋ ಎಸೆದು ಬರುವ ಅಧಿಕಾರ ನಮಗೆ ಯಾರು ಕೊಟ್ಟರು? ಆದ್ದರಿಂದ ಪ್ರಕಾಶಕನನ್ನು ಆರಿಸುವುದು ವ್ಯವಹಾರದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ. ನಮ್ಮವರಿಗೆ ನಾವು ಏನು ಉತ್ತರ ಕೊಡಬೇಕು ಅನ್ನುವ ಪ್ರಶ್ನೆಯಾಗುತ್ತದೆ.

ಹಾಗಾಗಿ ನಮ್ಮ ಅಳತೆಗೋಲನ್ನು ನಾವೇ ಮಾಡಿಕೊಳ್ಳೋಣ. ಲೆಕ್ಕ ತೋರಿಸುವವನು ಮರ್ಯಾದಸ್ತ. ಕಬ್ಬು ಬೆಳೆಯುವ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕೆ? ತೂಕದ ಸೇತುವೆಯ ಮುಳ್ಳು ನಮಗೂ ಕಾಣಬೇಕು. ಎಷ್ಟು ಪ್ರತಿ ಹೋಯಿತು, ಎಷ್ಟು ಜನ ಓದಿದರು, ಎಷ್ಟು ಹಣ ಬಂತು ಅಂತ ಕೇಳಿದಾಗ ಮುಖ ಗಂಟಿಕ್ಕಬಾರದು. ಬರೆದವನ ಹತ್ತಿರವೇ ದುಡ್ಡು ಕೇಳುವವನು ಪ್ರಕಾಶಕನಲ್ಲ, ಗಿರಾಕಿ ಹುಡುಕುವ ವ್ಯಾಪಾರಿ. ಐಎಸ್‌ಬಿಎನ್ ಸಂಖ್ಯೆಗೆ ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ, ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಪುಕ್ಕಟೆ ಕೊಡುತ್ತದೆ.

ಕಾನೂನೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಬೇರೆ ಮಾತು ಬರೆದಿಲ್ಲದಿದ್ದರೆ, ಹಕ್ಕು ಪಡೆದವನು 1 ವರ್ಷದೊಳಗೆ ಅದನ್ನು ಬಳಸದೆ ಇದ್ದಾಗ ಹಕ್ಕು ವಾಪಸು. 57ನೇ ಕಲಮು ಹೇಳುವುದು ಇನ್ನೂ ದೊಡ್ಡದು: ಹಕ್ಕು ಮಾರಿದ ಮೇಲೂ 'ಇದು ನಾನು ಬರೆದದ್ದು' ಎನ್ನುವ ಅಧಿಕಾರ, ಹೆಸರಿಗೆ ಕುಂದು ಬರುವಂತೆ ಕೃತಿ ತಿರುಚಿದರೆ ತಡೆಯುವ ಅಧಿಕಾರ ಬರೆದವನದೇ. ಆಡಿಯೋ, ಸಿನಿಮಾ, ಅನುವಾದ ಎಲ್ಲವನ್ನೂ ಒಂದೇ ಸಾಲಿನಲ್ಲಿ ನುಂಗುವ ಷರತ್ತು ಕಂಡರೆ ಅಲ್ಲೇ ಬೆರಳು ನಿಲ್ಲಲಿ.

ಕೊನೆಗೆ ಭಾಷೆ. ದೇವನೂರರ 'ಕುಸುಮಬಾಲೆ'ಯನ್ನು ಯಾರಾದರೂ ಶಿಷ್ಟ ಕನ್ನಡಕ್ಕೆ ತಿದ್ದಿದ್ದರೆ ಏನು ಉಳಿಯುತ್ತಿತ್ತು? ಸಿದ್ದಲಿಂಗಯ್ಯನವರ 1975ರ 'ಹೊಲೆಮಾದಿಗರ ಹಾಡು' ಎಂಬ ಹೆಸರನ್ನು ಇವತ್ತಿನ ಯಂತ್ರದ ಜರಡಿ ಬೈಗುಳ ಅಂತ ತಳ್ಳಿದರೆ ಯಾರಿಗೆ ದೂರು ಕೊಡಬೇಕು? 'ಹೋಯ್ತೀನಿ', 'ಬತ್ತೀನಿ' ಅನ್ನೋ ನಮ್ಮ ಮಾತನ್ನು ಇದ್ದಂಗೇ ಬಿಡುವವನು, ತಳ್ಳಿದರೆ ಯಾಕೆಂದು ಹೇಳುವ ಒಬ್ಬ ಮನುಷ್ಯನನ್ನು ಇಟ್ಟಿರುವವನು, ನಮ್ಮವನು.

ಒಬ್ಬೊಬ್ಬರೇ ಹೋದರೆ ಯಾವ ಕಂಪನಿಯೂ ಷರತ್ತು ಬದಲಾಯಿಸುವುದಿಲ್ಲ. ಮಂಡ್ಯದಲ್ಲೋ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ತಿಂಗಳಿಗೊಮ್ಮೆ ಕೂರೋಣ. ಕತೆ ಓದುವುದರ ಜೊತೆಗೆ ಕರಾರನ್ನೂ ಗಟ್ಟಿಯಾಗಿ ಓದೋಣ, ಓದು ಬಾರದ ಅಪ್ಪ ಅವ್ವಂದಿರೂ ಕೇಳಲಿ. ಅವರಿಗೆ ಅರ್ಥವಾಗದ ಸಾಲಿಗೆ ನಾವು ಒಪ್ಪುವುದು ಬೇಡ.