ಗಾಳಿಯಿಲ್ಲದ ಕಡೆಯಿಂದ ಬರುವ ಸುದ್ದಿ

1980ರ ದಶಕದ ಟೊಯೊಟಾ ಪಿಕಪ್ಪಿನ ಬಾನೆಟ್ ಎತ್ತಿದರೆ ಎಂಜಿನ್ನಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಪ್ಪು ರಬ್ಬರ್ ಹೋಸುಗಳ ಗೋಜಲು. ಬೇರೆ ದೇಶಗಳಲ್ಲಿ ಹೈಲಕ್ಸ್ ಎನಿಸಿಕೊಂಡು, ಅಮೆರಿಕದಲ್ಲಿ ಬರೀ 'ಪಿಕಪ್' ಎಂದು ಮಾರಾಟವಾದ ಈ ಗಾಡಿಗಳಲ್ಲಿ ಎಷ್ಟೋ ಅಲ್ಲಿ ಇನ್ನೂ ಓಡುತ್ತಿವೆ. 2.4 ಲೀಟರಿನ 22ಆರ್ ಎಂಜಿನ್ ಅಷ್ಟು ಗಟ್ಟಿ. ರಬ್ಬರಿಗೆ ಮಾತ್ರ ಅಷ್ಟು ಆಯುಸ್ಸಿಲ್ಲ. ಬಿಸಿಗೆ ಒಣಗಿ ಅಲ್ಲಲ್ಲಿ ಸೀಳು ಬಿಟ್ಟಾಗ ನಿಂತ ಗಾಡಿ ನಡುಗತೊಡಗುತ್ತದೆ. ಆಗ ಹಲವರು ಹಳೆಯ ಕಾರ್ಬ್ಯುರೇಟರ್ ಬಿಚ್ಚಿ, ವೆಬರ್ 32/36 ಕೂರಿಸಿ, ಬೇಡದ ಹೋಸುಗಳನ್ನು ಕಿತ್ತು ಹಾಕುತ್ತಾರೆ.

ಯಾವುದು ಬೇಡದ್ದು? ಅದನ್ನು ತಿಳಿಯಲು ಹೊರಟವರಿಗೆ ನನ್ನ ಮಟ್ಟಿಗೆ ಎಂಜಿನ್ನಿನ ಅತಿ ದೊಡ್ಡ ಬೆರಗು ಎದುರಾಗುತ್ತದೆ. ಒಂದೆರಡು ಹೋಸುಗಳಲ್ಲಿ ಆವಿ ಹೋಗುತ್ತದೆ, ನಿಜ. ಉಳಿದ ಬಹುಪಾಲು ಹೋಸುಗಳಲ್ಲಿ ಪೆಟ್ರೋಲೂ ಇಲ್ಲ, ನೀರೂ ಇಲ್ಲ, ಎಣ್ಣೆಯೂ ಇಲ್ಲ. ಅವು ಸಾಗಿಸುವುದು ಗಾಳಿಯ ಕೊರತೆಯನ್ನು.

ಪಿಸ್ಟನ್ ಕೆಳಗಿಳಿಯುತ್ತದೆ, ಮೇಲೆ ಥ್ರಾಟಲ್ ಪ್ಲೇಟು ಗಾಳಿಯ ದಾರಿಗೆ ಅಡ್ಡ ನಿಂತಿದೆ. ನಡುವಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕುಸಿಯುತ್ತದೆ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲಿನ ಗಾಳಿ 760 ಮಿಲಿಮೀಟರ್ ಪಾದರಸವನ್ನು ಎತ್ತಿ ಹಿಡಿಯಬಲ್ಲದು. ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಮ್ಯಾನಿಫೋಲ್ಡಿನ ಒತ್ತಡ ಅದಕ್ಕಿಂತ ಸುಮಾರು 450ರಿಂದ 550 ಮಿಲಿಮೀಟರ್ ಕೆಳಗಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆ ಅಂತರ ಬಹುತೇಕ ಅಳಿಸಿಹೋಗುತ್ತದೆ. ಎಂಜಿನ್ ಎಷ್ಟು ದುಡಿಯುತ್ತಿದೆ ಎನ್ನುವುದನ್ನು ಈ ಕೊರತೆಯೇ ಹೇಳುತ್ತದೆ. ಕಂಪ್ಯೂಟರ್ ಇಲ್ಲದ ಕಾಲದ ಎಂಜಿನಿಯರುಗಳು ಅದನ್ನೇ ದೂತನನ್ನಾಗಿ ಮಾಡಿಕೊಂಡರು.

ಒಂದೇ ಒಂದು ರಂಧ್ರವನ್ನು ನೋಡಿ. ಥ್ರಾಟಲ್ ಪ್ಲೇಟು ಮುಚ್ಚಿದಾಗ ಅದರ ಅಂಚಿಗಿಂತ ತುಸುವೇ ಮೇಲೆ, ಕಾರ್ಬ್ಯುರೇಟರಿನ ಗೋಡೆಯಲ್ಲಿ ಅದನ್ನು ಕೊರೆದಿರುತ್ತಾರೆ. ಕಾಲು ತೆಗೆದಿದ್ದರೆ ರಂಧ್ರ ಹೊರಗಾಳಿಯ ಕಡೆಗಿರುತ್ತದೆ, ಹೋಸಿನಲ್ಲಿ ಸುದ್ದಿಯಿಲ್ಲ. ಸ್ವಲ್ಪ ಒತ್ತಿದರೆ ಪ್ಲೇಟಿನ ಅಂಚು ರಂಧ್ರವನ್ನು ದಾಟುತ್ತದೆ. ಆ ಕ್ಷಣ ಅದು ಮ್ಯಾನಿಫೋಲ್ಡಿನ ಪಾಲು. ಸೆಳೆತ ಹೋಸಿನುದ್ದಕ್ಕೂ ಸಾಗಿ ಡಿಸ್ಟ್ರಿಬ್ಯೂಟರಿನ ಡಯಾಫ್ರಂ ಎಳೆದು, ಕಿಡಿ ಕೆಲವು ಡಿಗ್ರಿ ಮೊದಲೇ ಹಾರುವಂತೆ ಮಾಡುತ್ತದೆ. ಹಗುರ ಹೊರೆಯಲ್ಲಿ ಸಿಲಿಂಡರಿಗೆ ಬರುವ ಮಿಶ್ರಣ ವಿರಳ, ಅದು ಉರಿಯುವುದು ನಿಧಾನ, ಅದಕ್ಕೆ ಬೇಗ ಕಿಡಿ ಬೇಕು. ಪೂರ್ತಿ ಒತ್ತಿದಿರೋ, ಸೆಳೆತವೇ ಇಳಿದು ಕಿಡಿ ಹಿಂದೆ ಸರಿಯುತ್ತದೆ. ಮೂರು ಸ್ಥಿತಿ, ಮೂರು ಉತ್ತರ. ಎಲ್ಲವೂ ಒಂದು ತೂತನ್ನು ಎಲ್ಲಿ ಕೊರೆಯಬೇಕೆಂದು ಯಾರೋ ಆಳವಾಗಿ ಯೋಚಿಸಿದ್ದರ ಫಲ.

ಕಾರ್ಬ್ಯುರೇಟರ್ ಕೂಡ ಇದೇ ತತ್ವದ ಕೂಸು. ಎಂಜಿನ್ ಪೆಟ್ರೋಲನ್ನು ಹೀರುತ್ತದೆ ಎನ್ನುತ್ತೇವೆ. ನಿಜವಾಗಿ ಅದನ್ನು ತಳ್ಳುವುದು ವಾತಾವರಣ. ಗಂಟಲಿನ ಕಿರಿದಾದ ಜಾಗದಲ್ಲಿ ಗಾಳಿ ವೇಗ ಪಡೆದು ಒತ್ತಡ ಕಳೆದುಕೊಳ್ಳುತ್ತದೆ; ಡೇನಿಯಲ್ ಬರ್ನೂಲಿ 1738ರ ತನ್ನ ಪುಸ್ತಕದಲ್ಲಿ ಬೆಳಕಿಗೆ ತಂದ ಸಂಬಂಧ ಇದು. ಫ್ಲೋಟ್ ಬಟ್ಟಲಿನ ಪೆಟ್ರೋಲಿನ ಮೇಲೆ ಕೂತ ಗಾಳಿ ಆಗ ಅದನ್ನು ಜೆಟ್ಟಿನ ಮೂಲಕ ಹೊರಗೆ ನೂಕುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ಪೆಟ್ರೋಲೂ ಗಾಳಿಯಲ್ಲಿನ ಆಮ್ಲಜನಕವೂ ಪೂರ್ತಿ ಬಳಕೆಯಾಗಿ ಮುಗಿಯುವ ಲೆಕ್ಕ. ವೆಬರಿಗೆ 32 ಮತ್ತು 36 ಮಿಲಿಮೀಟರಿನ ಎರಡು ಗಂಟಲು. ಟೊಯೊಟಾದ ಮೂಲ ಕಾರ್ಬ್ಯುರೇಟರಿನಲ್ಲಿ ಎರಡನೆಯದನ್ನು ತೆರೆಯುತ್ತಿದ್ದುದು ಇದೇ ಗಾಳಿಯ ಕೊರತೆ. ವೆಬರಿನಲ್ಲಿ ಅದನ್ನು ಕಾಲಿನ ಒತ್ತಡವೇ ಸನ್ನೆಕೋಲುಗಳ ಮೂಲಕ ತೆರೆಯುತ್ತದೆ. ಅಲ್ಲಿಗೆ ಒಬ್ಬ ದೂತನ ಕೆಲಸ ಮುಗಿಯಿತು.

ಉಳಿದ ಹೋಸುಗಳಲ್ಲಿ ಹೆಚ್ಚಿನವು ಲಾಸ್ ಏಂಜಲೀಸಿನ ಆಕಾಶಕ್ಕೆ ಕೊಟ್ಟ ಉತ್ತರ. ಅನಾನಸಿನ ಪರಿಮಳದ ರಸಾಯನ ಹುಡುಕುತ್ತಿದ್ದ ಆರೀ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ, ಆ ನಗರದ ಕಣ್ಣುರಿಸುವ ಹೊಗೆಮಂಜು ವಾಹನಗಳ ಹೊಗೆ ಬಿಸಿಲಿನಲ್ಲಿ ಬೆಂದು ಹುಟ್ಟುವುದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಮುಂದೆ 1970ರ ಶುದ್ಧ ಗಾಳಿ ಕಾನೂನು ಬಂತು. ಸುಟ್ಟ ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಉಣಿಸಿ ಉರಿಯ ತಾಪ ತಗ್ಗಿಸುವ ಇಜಿಆರ್ ವಾಲ್ವು ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುತ್ತದೆ. ಎಂಜಿನ್ ತಣ್ಣಗಿರುವವರೆಗೆ ಅದು ತೆರೆಯಬಾರದು. ಹಾಗಾಗಿ ನೀರಿನ ಬಿಸಿಗೆ ಬಾಗುವ ಪುಟ್ಟ ಲೋಹದ ತಗಡೊಂದು ಅದರ ಹೋಸನ್ನು ಕಾಯುತ್ತದೆ.

ಆದ್ದರಿಂದ ಸರಳಗೊಳಿಸುವುದಕ್ಕೆ ಒಂದು ಮಿತಿಯಿದೆ ಎಂದೇ ನನ್ನ ತೀರ್ಮಾನ. ಹಳೆಯ ಕಾರ್ಬ್ಯುರೇಟರಿಗಷ್ಟೇ ಸೇರಿದ ಹೋಸುಗಳು ಹೋಗಲಿ, ಅವುಗಳ ಬಾಯಿಗೆ ಬಿಗಿಯಾದ ಮುಚ್ಚಳ ಬೀಳಲಿ. ಬ್ರೇಕ್ ಬೂಸ್ಟರಿನದು, ಡಿಸ್ಟ್ರಿಬ್ಯೂಟರಿನದು, ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯದು, ಇಜಿಆರ್‌ನದು ಉಳಿಯಲೇಬೇಕು. ಕ್ಯಾಲಿಫೋರ್ನಿಯಾದಲ್ಲಂತೂ 1976ರಿಂದೀಚಿನ ಪೆಟ್ರೋಲ್ ಗಾಡಿಗಳು ಹೊಗೆ ತಪಾಸಣೆಗೆ ಹೋಗಬೇಕು. ಅಲ್ಲಿ ಈ ಭಾಗಗಳು ಇವೆಯೇ ಎಂದು ಕಣ್ಣಾರೆ ನೋಡುತ್ತಾರೆ.

ಬಾನೆಟ್ಟಿನ ಒಳಮೈಗೆ ಅಂಟಿಸಿದ ಹೋಸುಗಳ ನಕ್ಷೆಯನ್ನು ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ಹೋಸಿಗೂ ಚೀಟಿ ಕಟ್ಟಿ. ಆಮೇಲೆ ಒಂದೊಂದನ್ನೂ ಬೆರಳಲ್ಲಿ ಹಿಡಿದು ತುದಿಯಿಂದ ತುದಿಯವರೆಗೆ ಹೋಗಿ, ಅದು ಯಾರಿಗೆ ಏನು ಹೇಳುತ್ತಿದೆ ಎಂದು ತಿಳಿದ ಮೇಲಷ್ಟೇ ಕತ್ತರಿ ಎತ್ತಿಕೊಳ್ಳಿ.