ಯಾರ ನೇಮ, ಯಾರ ಬುತ್ತಿ

ಪರದೇಶಕ್ಕೆ ಹೋದಾಗ ಊಟದ ನೇಮ ಬಿಡಬೇಕೋ ಬೇಡವೋ ಎಂಬ ಮಾತು ಬಂದರೆ ನಮ್ಮಲ್ಲಿ ಕೂಡಲೇ ಎರಡು ಪಕ್ಷಗಳಾಗುತ್ತವೆ. ಹೋದ ಕಡೆ ಸಿಕ್ಕಿದ್ದನ್ನು ಉಂಡು ಬರಬೇಕು ಎನ್ನುವವರು ಕೆಲವರು. ಊರು ಬಿಟ್ಟ ಮಾತ್ರಕ್ಕೆ ಆಚಾರವನ್ನೂ ಬಿಡಬೇಕೆ ಎನ್ನುವವರು ಕೆಲವರು. ನೇಮದವರು ಏನು ಉಣ್ಣುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಮಾಡಿಕೊಡುವವರು ಯಾರು ಎಂದು ಯಾರೂ ಕೇಳುವುದಿಲ್ಲ.

2017ರಲ್ಲಿ ಮಗಳ ಬಾಣಂತನಕ್ಕೆಂದು ನಾನು ಅಮೆರಿಕದ ನ್ಯೂಜೆರ್ಸಿಗೆ ಹೋದೆ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ನೆರಳಿನಲ್ಲಿ ಬೆಳೆದವಳು ನಾನು. ನಮ್ಮದು ಮೊಟ್ಟೆ, ಮಾಂಸ ಮುಟ್ಟದ ಮನೆತನ. ಪೆಟ್ಟಿಗೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ನನ್ನದೇ ಒಂದು ಸಣ್ಣ ಬೋಗುಣಿ ಇಟ್ಟುಕೊಂಡೆ. “ಅವ್ವಾ, ಇಲ್ಲಿ ಎಲ್ಲಾ ಸಿಗ್ತೈತಿ, ಯಾಕ ಹೊತ್ಕೊಂಡು ಬರ್ತಿ?” ಎಂದು ಮಗಳು ಫೋನಿನಲ್ಲಿ ನಕ್ಕಳು. ಸಿಗುತ್ತದೆ, ನಿಜ. ಆದರೆ ಹಡೆದ ಮೈಯಲ್ಲಿ ನನಗಾಗಿ ಅಂಗಡಿ ಅಲೆಯುವವಳು ಅವಳೇ ಅಲ್ಲವೆ?

ಹೋಗಿ ನೋಡಿದರೆ ಆ ಮನೆಯಲ್ಲಿ ನನಗಿಂತ ದೊಡ್ಡ ನೇಮಸ್ಥರೊಬ್ಬರಿದ್ದರು. ನಮ್ಮ ಅಳಿಯಂದಿರು! ಅವರದು ‘ಪೇಲಿಯೋ’ ಪಥ್ಯ. ಬೇಸಾಯ ಹುಟ್ಟುವ ಮೊದಲು ಹಳೆಯ ಶಿಲಾಯುಗದ ಮನುಷ್ಯ ಏನು ತಿನ್ನುತ್ತಿದ್ದನೋ ಅದನ್ನೇ ತಿನ್ನಬೇಕಂತೆ. ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ ಆದೀತು. ಜೋಳ, ಅಕ್ಕಿ, ಗೋಧಿ, ಬೇಳೆಕಾಳು, ಹಾಲು, ಮೊಸರು ಕೂಡದು. 1985ರಲ್ಲಿ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಎಂಬ ಇಬ್ಬರು ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಆ ಕಾಲದ ಆಹಾರದ ಬಗ್ಗೆ ಬರೆದರು. 2002ರಲ್ಲಿ ಲೊರೆನ್ ಕಾರ್ಡೇನ್ ಬರೆದ ಪುಸ್ತಕದಿಂದ ಅದು ಮನೆಮನೆಯ ಮಾತಾಯಿತು. ಅಳಿಯಂದಿರ ತಂದೆ ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡವರು. ಹಾಗಾಗಿ ಇವರ ಅಂಜಿಕೆಯನ್ನು ಶೋಕಿ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಆದರೂ ಒಳಗೊಳಗೇ ನಗು ಬರುತ್ತಿತ್ತು. ನಮ್ಮ ಬಳ್ಳಾರಿಯ ಮಗ್ಗುಲಲ್ಲೇ ಇರುವ ಸಂಗನಕಲ್ಲಿನ ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಹುರುಳಿ, ಹೆಸರು ಬೆಳೆದು ಉಂಡಿದ್ದಾರೆ. ಅದಕ್ಕೂ ಎಷ್ಟೋ ಹಿಂದೆ, ಇಟಲಿಯಲ್ಲಿ ಸುಮಾರು 30,000 ವರ್ಷ ಹಳೆಯ ಅರೆಯುವ ಕಲ್ಲಿನ ಮೇಲೆ ಗಿಡಗಳ ಹಿಟ್ಟಿನ ಕಣಗಳು ಸಿಕ್ಕಿವೆ. ಶಿಲಾಯುಗದಲ್ಲೂ ಯಾರೋ ಕೂತು ಹಿಟ್ಟು ಅರೆದಿದ್ದಾರೆ. ಯಾರೆಂದು ನಾವು ಊಹಿಸಬಹುದು!

ಹಾಗೆಂದು ನನ್ನ ರೊಟ್ಟಿಯೇನೂ ಆದಿಕಾಲದ್ದಲ್ಲ. ಜೋಳದ ತವರು ಆಫ್ರಿಕ. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆಗೆ ಬಂದವು. ನಾನು ಹೊತ್ತೊಯ್ದ ಚಟ್ನಿಪುಡಿ ಒಂದು ಲೆಕ್ಕದಲ್ಲಿ ತವರಿಗೇ ಹೋಗಿತ್ತು. ಹಳೆಯದೆಂಬ ಕಾರಣಕ್ಕೆ ಒಂದು ನೇಮ ದೊಡ್ಡದಾಗುವುದಾದರೆ ನನ್ನದೂ ನಿಲ್ಲುವುದಿಲ್ಲ, ಅವರದೂ ನಿಲ್ಲುವುದಿಲ್ಲ.

ಹಾಗಾದರೆ ಯಾವುದರಿಂದ ನಿಲ್ಲುತ್ತದೆ? ನನಗೆ ನಮ್ಮ ಅಜ್ಜ ನೆನಪಾಗುತ್ತಾರೆ. ಇಷ್ಟಲಿಂಗ ಪೂಜೆಯಾಗದೆ ಹನಿ ನೀರು ಮುಟ್ಟಿದವರಲ್ಲ. ಯಾತ್ರೆಗೆ ಹೋದರೂ ಪರರ ಕೈಯ ಅಡಿಗೆ ಉಂಡವರಲ್ಲ. ಅವರ ನಿಷ್ಠೆಯನ್ನು ಉಜ್ಜಿನಿಯಲ್ಲಿ ಈಗಲೂ ಹಿರಿಯರು ಕೊಂಡಾಡುತ್ತಾರೆ. ಆ ನಿಷ್ಠೆಗಾಗಿ ಬೆಳಗಿನ ಜಾವ ಮಿಂದು ನೀರು ಹೊತ್ತವಳು ಅಜ್ಜಿ. ಯಾತ್ರೆಯಲ್ಲಿ ಛತ್ರದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹಸಿ ಕಟ್ಟಿಗೆ ಊದಿ, ರೊಟ್ಟಿ ಬಡಿದವಳೂ ಅವಳೇ. ಅಜ್ಜಿಯ ನಿಷ್ಠೆಯನ್ನು ಯಾರೂ ಹಾಡಿ ಹೊಗಳಲಿಲ್ಲ. ಅಜ್ಜ ಕಪಟಿಯಲ್ಲ, ಅವರ ಭಕ್ತಿ ನಿಜವೇ. ಆದರೆ ಆ ಪುಣ್ಯದ ಅರ್ಧ ಪಾಲು ಯಾವ ಖಾತೆಗೆ ಹೋಯಿತು ಎಂದು ಕೇಳುವ ಹಕ್ಕು ಮೊಮ್ಮಗಳಾದ ನನಗಿದೆ.

ಮಗುವಿಗೆ ನಾಲ್ಕು ತಿಂಗಳಾದಾಗ ಎಲ್ಲರೂ ನಯಾಗರ ಜಲಪಾತಕ್ಕೆ ಹೊರಟೆವು. ಕಾರಿನಲ್ಲಿ ಏಳು ತಾಸಿನ ದಾರಿ. ಹೊರಡುವ ದಿನ ನಸುಕಿನ ನಾಲ್ಕಕ್ಕೇ ಅಡಿಗೆಮನೆಯಲ್ಲಿ ದೀಪ. ಮಗಳು ಒಂದು ತೋಳಿನಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯಿಂದ ಗಂಡನಿಗೆ ಮೊಟ್ಟೆ ಬೇಯಿಸುತ್ತಿದ್ದಾಳೆ, ಕೋಳಿ ಹುರಿಯುತ್ತಿದ್ದಾಳೆ, ಕ್ಯಾರೆಟ್ ಹೆಚ್ಚಿ ಡಬ್ಬಿ ತುಂಬುತ್ತಿದ್ದಾಳೆ. ದಾರಿಯ ಹೋಟೆಲುಗಳಲ್ಲಿ ಅವರಿಗೆ ಆಗುವಂಥದ್ದು ಸಿಗಲಾರದಂತೆ. “ನಿನ್ನ ಬುತ್ತಿ ಏನವ್ವಾ?” ಎಂದೆ. “ನಂದೇನು, ಎಲ್ಲಾದರೂ ಬ್ರೆಡ್ ತಿಂತೀನಿ” ಎಂದಳು. ಆ ಕೋಳಿಯ ವಾಸನೆಗಿಂತ ಆ ಮಾತು ನನಗೆ ಹೆಚ್ಚು ಕಸಿವಿಸಿ ಮಾಡಿತು.

ಕೂಸನ್ನು ನಾನೆತ್ತಿಕೊಂಡೆ. ಅವಳಿಗೂ ಸೇರಿಸಿ ಎಂಟು ರೊಟ್ಟಿ ಕಟ್ಟಿದೆ. ಅಳಿಯಂದಿರಿಗೆ ಅತ್ತೆಯಾದವಳು ಬುದ್ಧಿ ಹೇಳುವುದು ನಮ್ಮಲ್ಲಿ ರೂಢಿಯಲ್ಲ. ಆದರೂ ನಯಾಗರದ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ಹೇಳಿದೆ: “ನಿಮ್ಮ ಪಥ್ಯ ಬಿಡಬ್ಯಾಡ್ರಿ. ನನ್ನದನ್ನೂ ನಾನು ಬಿಡಲ್ಲ. ಆದರೆ ಶಿಲಾಯುಗದವ್ನು ತನ್ನ ಬ್ಯಾಟಿ ತಾನೇ ಆಡ್ತಿದ್ನಂತಲ್ರೀ?”

ಅವರು ಮೊದಲು ನಕ್ಕರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮಗಳು ನನ್ನತ್ತ ಕಣ್ಣು ಬಿಟ್ಟಳು. ಆ ಸಂಜೆ ನನಗೂ ಒಂದಿಷ್ಟು ಅಳುಕಾಯಿತು. ನಾನಿನ್ನೊಂದು ತಿಂಗಳಿಗೆ ಉಜ್ಜಿನಿಗೆ ಮರಳುವವಳು. ಆ ಮನೆಯಲ್ಲಿ ಬಾಳಬೇಕಾದವಳು ಅವಳು.

ಮುಂದಿನ ವರ್ಷ ಅವರು ಹತ್ತು ದಿನ ಯೂರೋಪಿಗೆ ಹೋದರು. ಹೊರಡುವ ಹಿಂದಿನ ರಾತ್ರಿ ಅಳಿಯಂದಿರು ತಾವೇ ಹನ್ನೆರಡು ಮೊಟ್ಟೆ ಬೇಯಿಸಿಟ್ಟುಕೊಂಡರೆಂದು ಮಗಳು ಫೋನಿನಲ್ಲಿ ಹೇಳಿದಳು. ಸಿಪ್ಪೆ ಸುಲಿಯಲು ಮಾತ್ರ ಅವಳನ್ನು ಕರೆದರಂತೆ.